ಇಂದುಮತಿ ಟೀಚರ್ ಕೇಳಿಸಿಕೊಂಡ ವರ್ಷ

ನಮ್ಮೂರಿನಲ್ಲಿ ಬಾಯಿ ಮುಚ್ಚಿಕೊಂಡು ಓದಲು ಆಗುವುದಿಲ್ಲ. ಪುಸ್ತಕ ತೆರೆದು ಸುಮ್ಮನೆ ನೋಡಿದರೆ ಪುಟದ ಮೇಲೆ ಯಾರೋ ಸಾಸಿವೆ ಚೆಲ್ಲಿದಂತೆ ಕಾಣುತ್ತದೆ. ಗಂಟಲು ತೆರೆದು ದನಿ ಎತ್ತಿದರೆ ಮಾತ್ರ ಅಕ್ಷರಗಳು ಎದ್ದು ಸಾಲಾಗಿ ನಿಲ್ಲುತ್ತವೆ. ದನಿ ನಿಂತರೆ ಮತ್ತೆ ಸಾಸಿವೆ. ಹೊರಗಿನಿಂದ ಬಂದ ನೆಂಟರು ಮೊದಲ ದಿನ ಪೇಪರು ಹಿಡಿದುಕೊಂಡು ಕಣ್ಣು ಉಜ್ಜಿಕೊಳ್ಳುತ್ತಾರೆ, ಎರಡನೆಯ ದಿನ ತಾವೂ ಗಟ್ಟಿಯಾಗಿ ಓದುತ್ತಾರೆ. ಇದಕ್ಕೆ ನಾವು ಹೊಂದಿಕೊಂಡಿದ್ದೇವೆ. ಔಷಧಿ ಅಂಗಡಿಯಲ್ಲಿ ಯಾರಿಗೆ ಯಾವ ಜಾಗದಲ್ಲಿ ತುರಿಕೆ ಎಂಬುದು ಸಾಲಿನಲ್ಲಿ ನಿಂತವರಿಗೆಲ್ಲ ಗೊತ್ತಿರುತ್ತದೆ, ಯಾರೂ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ. ಪ್ರೇಮಪತ್ರ ಬಂದ ಹುಡುಗಿಯರು ಹಿಟ್ಟಿನ ಗಿರಣಿಯ ಹಿಂದೆ, ಯಂತ್ರದ ಸದ್ದಿನಲ್ಲಿ ನಿಂತು ಓದಿಕೊಳ್ಳುತ್ತಾರೆ. ಗಿರಣಿಯವನೂ ಒಳ್ಳೆಯವನು, ಯಂತ್ರ ನಿಲ್ಲಿಸುವ ಮೊದಲು ಹಿತ್ತಲಿಗೆ ಕೇಳುವಂತೆ ಒಮ್ಮೆ ಕೆಮ್ಮುತ್ತಾನೆ.

ಇಂಥ ಊರಿನಲ್ಲಿ ಇಂದುಮತಿ ಟೀಚರಿಗೆ ಗಂಟಲು ಹೋಯಿತು.

ಟೀಚರು ನನ್ನ ಎದುರು ಮನೆಯವರು. ಮಾಧ್ಯಮಿಕ ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು, ಮದುವೆಯಾಗಲಿಲ್ಲ, ಅದರ ಬಗ್ಗೆ ಯಾರಾದರೂ ಕೇಳಿದರೆ ಪುಸ್ತಕ ಇಡಲಿಕ್ಕೇ ಜಾಗ ಸಾಲುತ್ತಿಲ್ಲ ಎನ್ನುವವರು. ನಮ್ಮ ಲೈಬ್ರರಿಯಲ್ಲಿ ‘ವರ್ಷದ ಓದು’ ಎಂಬ ಪಂದ್ಯ ನಡೆಯುತ್ತದೆ. ಯುಗಾದಿಯ ದಿನ ಲೈಬ್ರರಿಯ ರುಕ್ಸಾನಾ ಒಂದು ಡಬ್ಬಿಯಿಂದ ಚೀಟಿ ಎತ್ತಿ ಆ ವರ್ಷದ ವಿಷಯ ಸಾರುತ್ತಾಳೆ. ಮುಂದಿನ ಯುಗಾದಿಯ ಹಿಂದಿನ ದಿನ ಲೈಬ್ರರಿ ಬಾಗಿಲು ಹಾಕುವುದರೊಳಗೆ ಆ ವಿಷಯದ ಮೇಲೆ ಹನ್ನೆರಡು ಪುಸ್ತಕ ಓದಿ ಮುಗಿಸಿ, ಅವಳು ಕೇಳಿದ ಪ್ರಶ್ನೆಗಳಿಗೆ ಉತ್ತರ ಹೇಳಬೇಕು. ಗೆದ್ದವರಿಗೆ ಒಂದು ಶಾಲು. ಶಾಲಿಗಾಗಿ ಯಾರೂ ಓದುವುದಿಲ್ಲ. ಹೊಸ ಪುಸ್ತಕಗಳ ಗಂಟು ಬಂದಾಗ ಅದರ ದಾರ ಬಿಚ್ಚಿ ಮೊದಲು ಓದುವ ಹಕ್ಕು ವರ್ಷವಿಡೀ ಗೆದ್ದವರದ್ದು. ಜನ ಓದುವುದು ಅದಕ್ಕೆ. ಹೆಚ್ಚುಕಡಿಮೆ ಪ್ರತಿ ವರ್ಷವೂ ಅದು ಇಂದುಮತಿ ಟೀಚರದ್ದೇ ಆಗಿರುತ್ತಿತ್ತು.

ಉಳಿದವರು ಕೈಗೆ ಸಿಕ್ಕ ಹನ್ನೆರಡು ಪುಸ್ತಕ ಓದಿದರೆ ಟೀಚರು ವರ್ಷಕ್ಕೊಂದು ಆಕಾರ ಕೊಡುತ್ತಿದ್ದರು. ‘ಪ್ರಾಣಿಗಳು’ ಎಂಬ ವಿಷಯ ಬಂದ ವರ್ಷ ಇರುವೆಯಿಂದ ಹೊರಟು ಆನೆಯವರೆಗೆ ಹೋದರು. ‘ಮನೆ’ ಎಂದು ಬಂದ ವರ್ಷ ಗುಡಿಸಲಿನಿಂದ ಅರಮನೆಗೆ ಏರಿ, ಕೊನೆಯ ತಿಂಗಳು ಜೈಲಿನ ಪುಸ್ತಕದಲ್ಲಿ ಮುಗಿಸಿದರು. ಅದು ಯಾಕೆ ಎಂದು ಕೇಳಿದ್ದಕ್ಕೆ, “ಊಟ ಪಾಯಸದಲ್ಲಿ ಮುಗಿಯಬಾರದು, ಮಜ್ಜಿಗೆಯಲ್ಲಿ ಮುಗೀಬೇಕು” ಎಂದಿದ್ದರು.

ಆ ಸಲ ಯುಗಾದಿಗೆ ಕೆಲವೇ ದಿನ ಇದ್ದಾಗ ಅವರ ದನಿ ಒಡೆದು, ಸೀಳಿ, ಒಂದು ಬೆಳಗ್ಗೆ ಪೂರ್ತಿ ನಿಂತೇಹೋಯಿತು. ದೊಡ್ಡ ಊರಿನ ಡಾಕ್ಟರು ಗಂಟಲೊಳಗೆ ಕನ್ನಡಿ ಹಾಕಿ ನೋಡಿ ಗಂಟುಗಳಾಗಿವೆ ಎಂದರು. ಸಣ್ಣದೊಂದು ಶಸ್ತ್ರಚಿಕಿತ್ಸೆ ಆಯಿತು. ಸಂಕ್ರಾಂತಿಯವರೆಗೆ ಒಂದು ಮಾತೂ ಕೂಡದು, ಪಿಸುಮಾತಂತೂ ಮೊದಲೇ ಕೂಡದು ಎಂದು ಹೇಳಿ ಕಳಿಸಿದರು. ಡಾಕ್ಟರು ನಮ್ಮೂರಿನವರಲ್ಲ. ಅಷ್ಟೇ ತಾನೆ, ಮನೆಯಲ್ಲಿ ಕೂತು ಆರಾಮಾಗಿ ಪುಸ್ತಕ ಓದಿಕೊಂಡಿರಿ ಎಂದು ಬೇರೆ ಸಮಾಧಾನ ಹೇಳಿದರಂತೆ.

ಯುಗಾದಿಯ ದಿನ ಟೀಚರು ಹೊಸ ಸೀರೆ ಉಟ್ಟು ಲೈಬ್ರರಿಗೆ ಬಂದು ಮುಂದಿನ ಸಾಲಿನಲ್ಲಿ ಕೂತರು. ರುಕ್ಸಾನಾ ಚೀಟಿ ಎತ್ತಿ, “ಈ ವರ್ಷದ ವಿಷಯ, ಪ್ರಯಾಣ” ಎಂದು ಓದಿದಳು. ಅವಳು ಚೀಟಿ ಮಡಚಿಡುವಷ್ಟರಲ್ಲಿ ಟೀಚರ ತಲೆಯಲ್ಲಿ ವರ್ಷ ಸಿದ್ಧವಾಗಿಬಿಟ್ಟಿತ್ತು. ಚೈತ್ರದಲ್ಲಿ ಕಾಲ್ನಡಿಗೆ, ವೈಶಾಖದಲ್ಲಿ ಕುದುರೆ, ಹೀಗೆ ಗಾಡಿ, ದೋಣಿ, ಹಡಗು, ರೈಲು ಎಂದು ವೇಗ ಹೆಚ್ಚುತ್ತ ಹೋಗಿ ಮಾಘದಲ್ಲಿ ವಿಮಾನ. ಫಾಲ್ಗುಣದಲ್ಲಿ ಮನೆಗೆ ಮರಳಿ ಬರುವವನ ಕಥೆ. ಇದು ಅವರು ಯೋಚಿಸಿ ಮಾಡಿದ್ದಲ್ಲ, ಹಸಿದವನ ಬಾಯಲ್ಲಿ ನೀರು ಬಂದ ಹಾಗೆ ತಾನಾಗಿ ಆದದ್ದು. ಅಭ್ಯಾಸಬಲದಿಂದ ಕಪಾಟಿನ ಹತ್ತಿರ ಹೋಗಿ ಒಂದು ಪುಸ್ತಕ ತೆಗೆದು ಬಿಚ್ಚಿದರು. ಸಾಸಿವೆ. ಹಾಗೇ ಮುಚ್ಚಿಟ್ಟು ಮನೆಗೆ ಬಂದು ಹಬ್ಬದಡುಗೆ ಮಾಡದೆ ಮಲಗಿದರು.

ಈಗ ಕೊಟ್ರಬಸಪ್ಪನವರ ವಿಷಯ ಹೇಳಬೇಕು. ಟೀಚರ ಮನೆಗೂ ಅವರ ಮನೆಗೂ ಒಂದೇ ಗೋಡೆ. ಮುಂದಿನ ಉದ್ದ ಜಗಲಿಯ ನಡುವೆ ಮಾತ್ರ ಮೊಣಕಾಲೆತ್ತರದ ಒಂದು ಕಟ್ಟೆ. ಕೊಟ್ರಬಸಪ್ಪ ಹುಟ್ಟಾ ದೊಡ್ಡ ಗಂಟಲಿನವರು, ಬಸ್ ಸ್ಟಾಂಡಿನಲ್ಲಿ ಬಸ್ಸುಗಳ ಹೆಸರು ಕೂಗಿ ಕೂಗಿ ಅದನ್ನು ಇನ್ನೂ ದೊಡ್ಡದು ಮಾಡಿಕೊಂಡವರು. ಅವರು ನಿವೃತ್ತರಾದ ಮೇಲೆ ಅಲ್ಲಿ ಯಂತ್ರ ಬಂತು. ಮನೆಯಲ್ಲಿ ಅವರು ಉಪ್ಪು ಕೇಳಿದರೆ ಮೂರನೆಯ ಮನೆಯವರು ಉಪ್ಪಿನ ಡಬ್ಬಿಗೆ ಕೈ ಹಾಕುತ್ತಿದ್ದರು. ಅವರೂ ಲೈಬ್ರರಿಗೆ ಹೋಗುತ್ತಿದ್ದರು, ಪುಸ್ತಕ ತರುತ್ತಿದ್ದರು, ಆದರೆ ಕೊನೆಯ ಪುಟ ಮಾತ್ರ ಓದುತ್ತಿದ್ದರು. ಎಲ್ಲರೂ ಬದುಕಿದ್ದರೆ ಪುಸ್ತಕ ವಾಪಸ್ಸು. ಯಾರಾದರೂ ಸತ್ತಿದ್ದರೆ ಯಾರು ಕೊಂದರು ಎಂದು ತಿಳಿದುಕೊಂಡು ವಾಪಸ್ಸು. ಅದನ್ನು ಓದುವುದು ಜಗಲಿಯಲ್ಲಿ, ಬಸ್ ಸ್ಟಾಂಡಿನ ದನಿಯಲ್ಲಿ. ಟೀಚರು ಅದೇ ಪುಸ್ತಕದ ಇನ್ನೊಂದು ಪ್ರತಿಯಲ್ಲಿ ನೂರು ಪುಟ ಕಷ್ಟಪಟ್ಟು ಕೊಲೆಗಾರನನ್ನು ಹುಡುಕುತ್ತಿರುವಾಗ ಗೋಡೆಯಾಚೆಯಿಂದ, “ಹೆಂಡ್ತಿ ತಮ್ಮ ಕಣೇ ಹಾಲಮ್ಮ, ಅವನೇ ಬಾವಿಗೆ ನೂಕಿದ್ದು” ಎಂದು ಕೇಳುತ್ತಿತ್ತು. ಟೀಚರಿಗೂ ಅವರಿಗೂ ಮಾತು ನಿಂತು ವರ್ಷಗಳಾಗಿದ್ದವು.

ಸಂಧಾನ ಮಾಡಿದವರು ಕೊಟ್ರಬಸಪ್ಪನವರ ಹೆಂಡತಿ ಹಾಲಮ್ಮ. ಹಬ್ಬದ ಮಾರನೆಯ ದಿನ ಹೋಳಿಗೆ ತಟ್ಟೆ ಹಿಡಿದು ಕಟ್ಟೆ ದಾಟಿ ಬಂದು, “ಟೀಚರೇ, ಇವರ ಗಂಟಲು ಸುಮ್ನೆ ಬಿದ್ದೈತೆ, ನಿಮ್ಮ ತಲೆ ಸುಮ್ನೆ ಕುಂತೈತೆ. ಎರಡನ್ನೂ ಒಂದು ಮಾಡ್ಕಳ್ಳಿ. ಮನೇಲಿ ಕುಂತು ನನ್ನ ಅಡಿಗಿ ಮ್ಯಾಲೆ ಅನೌನ್ಸ್ ಮಾಡ್ತಾರೆ, ನಂಗೂ ಸಾಕಾಗೈತೆ” ಎಂದರು.

ಟೀಚರ ಬಳಿ ಒಂದು ಸ್ಲೇಟು ಇತ್ತು. ಬರೆಯಲು ದನಿ ಬೇಕಿಲ್ಲ, ಕೈಗೆ ಗೊತ್ತಿರುತ್ತದೆ. ಆದರೆ ಬರೆದದ್ದನ್ನು ಇನ್ನೊಬ್ಬರು ಓದಬೇಕು, ಓದುವುದೆಂದರೆ ಗಟ್ಟಿಯಾಗಿ ಓದಬೇಕು. ಅವರು ಸ್ವಲ್ಪ ಹೊತ್ತು ಬರೆದು, ಸ್ಲೇಟನ್ನು ಕಟ್ಟೆಯಾಚೆ ಕೊಟ್ಟರು. ಕೊಟ್ರಬಸಪ್ಪ ಅದನ್ನು ಎರಡೂ ಕೈಯಲ್ಲಿ ಹಿಡಿದು ಇಡೀ ಬೀದಿಗೆ ಕೇಳುವಂತೆ ಓದಿದರು: “ನನ್ನ ಒಪ್ಪಿಗೆ ಇದೆ. ಆದರೆ ಕೊನೆಯ ಪುಟಗಳನ್ನು ಮೊದಲೇ ಓದುವ ಕತ್ತೆಗೆ ಒಂದು ಷರತ್ತು. ಆ ಪುಟಗಳಿಗೆ ನಾನು ಬಟ್ಟೆ ಒಣಹಾಕುವ ಕ್ಲಿಪ್ಪು ಹಾಕಿರುತ್ತೇನೆ. ಕತ್ತೆ ಅದನ್ನು ಮುಟ್ಟತಕ್ಕದ್ದಲ್ಲ.”

ಕೊಟ್ರಬಸಪ್ಪ ಸ್ಲೇಟನ್ನು ಕೆಳಗಿಳಿಸಿ, “ಈ ಕತ್ತೆ ಅಂದ್ರೆ ಯಾರು?” ಎಂದರು.

“ನೀವೇ ಓದಿದ್ರಲ್ಲ, ನಿಮಗೇ ಗೊತ್ತು” ಎಂದರು ಹಾಲಮ್ಮ.

ಓದು ಜಗಲಿಯಲ್ಲೇ ನಡೆಯುವುದೆಂದು ಗೊತ್ತಾದ ಕೂಡಲೇ ನಮ್ಮ ಬೀದಿಯವರಿಗೆ ಆತಂಕ ಶುರುವಾಯಿತು. ಬೇರೆಯವರು ಓದಿದರೆ ಪಕ್ಕದ ಮನೆಗೆ ಕೇಳುತ್ತದೆ. ಕೊಟ್ರಬಸಪ್ಪ ಓದಿದರೆ ಹೂವಿನ ಅಂಗಡಿಯ ತಿರುವಿನವರೆಗೆ ಕೇಳುತ್ತದೆ. ಒಂದು ವರ್ಷ ಏನು ಕೇಳಬೇಕೆಂಬುದರಲ್ಲಿ ನಮ್ಮದೂ ಒಂದು ಮಾತು ಇರಬೇಕಲ್ಲ. ಸಂಜೆ ಎಲ್ಲರೂ ಸೇರಿದೆವು. ಟೇಲರ್ ಮಂಜಣ್ಣನ ಹೆಂಡತಿ, “ನಮ್ಮ ಸೊಸೆಗೆ ಶ್ರಾವಣದಾಗೆ ದಿನ ತುಂಬ್ತಾವೆ, ಆ ತಿಂಗಳು ಹಡಗು ಮುಳುಗಾದು ಬ್ಯಾಡ” ಎಂದಳು. ನಾನು ರೈಲಿನ ಪುಸ್ತಕ ಮಕ್ಕಳ ಅರ್ಧವಾರ್ಷಿಕ ಪರೀಕ್ಷೆ ಮುಗಿದ ಮೇಲಿರಲಿ ಎಂದೆ, ಇಲ್ಲದಿದ್ದರೆ ಎಲ್ಲರೂ ಉತ್ತರಪತ್ರಿಕೆಯಲ್ಲಿ ರೈಲು ಬಿಡುತ್ತಾರೆ. ಮೂಲೆಮನೆಯ ಗುರುಸಿದ್ದಜ್ಜ ಕೋಲೂರಿಕೊಂಡು ಬಂದು, “ವಿಮಾನದ್ದು ಮೊದ್ಲೇ ಓದಿಬಿಡ್ರಪ್ಪ. ನಾನು ಮಾಘದ ತಂಕ ಇರ್ತೀನೋ ಇಲ್ಲೋ” ಎಂದ.

ಟೀಚರು ಹಡಗನ್ನು ಭಾದ್ರಪದಕ್ಕೆ ಸರಿಸಿದರು, ಪರೀಕ್ಷೆಗೆ ಜಾಗ ಬಿಟ್ಟರು. ಅಜ್ಜನ ಕೋರಿಕೆ ಬಂದಾಗ ಮಾತ್ರ ತಲೆ ಅಲ್ಲಾಡಿಸಿ ಸ್ಲೇಟಿನಲ್ಲಿ ಬರೆದರು. ಕೊಟ್ರಬಸಪ್ಪ ಓದಿದರು: “ವಿಮಾನ ಮಾಘದಲ್ಲೇ. ಅಲ್ಲಿಯವರೆಗೆ ಗುರುಸಿದ್ದಪ್ಪನವರು ಬದುಕಿರತಕ್ಕದ್ದು.” ಆ ದನಿಯಲ್ಲಿ ಕೇಳಿದಾಗ ಅದು ಸರ್ಕಾರಿ ಆದೇಶದಂತಿತ್ತು. ಅಜ್ಜ, “ಆತು ಬಿಡ್ರಿ, ನೋಡಾನ” ಎಂದು ಒಪ್ಪಿಕೊಂಡು ಹೋದ.

ಮೊದಲ ಪುಸ್ತಕದ ಮೊದಲ ವಾರ ಭಯಂಕರವಾಗಿತ್ತು. ಕೊಟ್ರಬಸಪ್ಪನವರಿಗೆ ಓದಲು ಗೊತ್ತಿದ್ದುದು ಒಂದೇ ಶೈಲಿ. ಕಾಡಿನಲ್ಲಿ ಒಬ್ಬಂಟಿಯಾಗಿ ನಡೆಯುತ್ತಿರುವ ಯಾತ್ರಿಕ ತನ್ನ ಸತ್ತ ತಾಯಿಯನ್ನು ನೆನೆಯುವ ಭಾಗವನ್ನೂ ಅವರು, ಬಸ್ಸು ಹೊರಡಲು ಸಿದ್ಧವಿದೆ ಎಂಬ ಹಾಗೆ ಓದಿದರು. ಮರಗಿಡಗಳ ವರ್ಣನೆ ಬಂದರೆ ಎರಡು ಪುಟ ಒಟ್ಟಿಗೇ ತಿರುವುತ್ತಿದ್ದರು. ಟೀಚರು ಕಟ್ಟೆಯ ಮೇಲೆ ರೂಲು ದೊಣ್ಣೆಯಿಂದ ಬಡಿಯುತ್ತಿದ್ದರು. “ಬರೀ ಗಿಡದ ಹೆಸರು ಕಣ್ರೀ, ಕಥೆ ಇಲ್ಲ ಇದ್ರಾಗೆ” ಎಂದು ಅವರು ಗೊಣಗಿದರೆ ಇನ್ನೊಂದು ಪೆಟ್ಟು. ಅವರು ಹಿಂದೆ ತಿರುಗಿಸಿ ಗಿಡಗಳನ್ನೆಲ್ಲ ಓದುತ್ತಿದ್ದರು, ನಿಲ್ದಾಣಗಳ ಹೆಸರಿನಂತೆ, ಪ್ರತಿಯೊಂದರ ಮುಂದೆಯೂ ಸ್ವಲ್ಪ ನಿಲ್ಲಿಸಿ.

ಎರಡನೆಯ ಪುಸ್ತಕದ ನಡುವೆ ಇನ್ನೊಂದು ತೊಡಕು ಬಂತು. ರುಕ್ಸಾನಾ ಒಂದು ಸಂಜೆ ಓದು ಕೇಳಲು ಬಂದಳು. ಮುಗಿದ ಮೇಲೆ ಸಂಕೋಚದಿಂದ ಕೈ ಹಿಸುಕಿಕೊಳ್ಳುತ್ತ, “ಟೀಚರ್, ಒಂದ್ ಮಾತು. ನಿಯಮ ಏನಂದ್ರೆ, ಯಾರ ಬಾಯೋ ಅವರ ಓದು. ಇದೆಲ್ಲ ಕೊಟ್ರಬಸಪ್ಪನೋರ ಹೆಸರಿಗೇ ಹೋಗುತ್ತೆ” ಎಂದಳು.

ಕೊಟ್ರಬಸಪ್ಪನವರಿಗೇ ಗಾಬರಿಯಾಯಿತು. “ನನಗ್ಯಾಕವ್ವ? ಅವರು ಪುಸ್ತಕ ಆರಿಸ್ಯಾರ, ಅವರು ಬಡಿದಾರ, ನಾನು ಓದೀನಿ ಅಷ್ಟೆ.”

“ಓದೋದಕ್ಕೇ ಪಂದ್ಯ ಇರೋದು” ಎಂದಳು ರುಕ್ಸಾನಾ.

ಟೀಚರು ರೂಲು ದೊಣ್ಣೆಯನ್ನು ಕಟ್ಟೆಯ ಮೇಲಿಟ್ಟು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ತಾನು ಕಟ್ಟಿದ ವರ್ಷ, ಅದೂ ಕೊನೆಯ ಪುಟದ ಮನುಷ್ಯನ ಹೆಸರಿನಲ್ಲಿ. ಹೊಸ ಪುಸ್ತಕಗಳ ಗಂಟಿನ ದಾರವನ್ನು ಆತ ಬಿಚ್ಚಿ, ಹಿಂದಿನಿಂದ ತೆರೆಯುವುದನ್ನು ಕಣ್ಣಾರೆ ಕಂಡಂತಾಯಿತಂತೆ. ಮಾರನೆಯ ದಿನ ಅವರು ಹೊರಗೆ ಬರಲಿಲ್ಲ, ಅದರ ಮಾರನೆಯ ದಿನವೂ ಇಲ್ಲ. ಆದರೆ ಆ ಪುಸ್ತಕದ ಸವಾರ ತುಂಬಿದ ಹೊಳೆಯ ದಡದಲ್ಲಿ ನಿಂತಿದ್ದ, ಅವನ ಕುದುರೆ ನೀರಿಗಿಳಿಯಲು ಒಲ್ಲೆನ್ನುತ್ತಿತ್ತು. ಟೀಚರಿಗೆ ಅನ್ನ ಬಡಿಸಿಕೊಂಡರೂ ಆ ಕುದುರೆ, ಮುಖ ತೊಳೆದರೂ ಆ ಕುದುರೆ. ಮೂರನೆಯ ಸಂಜೆ ಬಾಗಿಲು ತೆರೆದು ಬಂದು ತಮ್ಮ ಜಾಗದಲ್ಲಿ ಕೂತರು. ಕೊಟ್ರಬಸಪ್ಪ ಪುಸ್ತಕ ಹಿಡಿದುಕೊಂಡೇ ಕಾಯುತ್ತಿದ್ದರು. ಇಷ್ಟರಲ್ಲಿ ತಾವೊಬ್ಬರೇ ಮುಂದೆ ಓದಿಬಿಡಬಹುದಿತ್ತು, ಓದಿರಲಿಲ್ಲ. “ಕುದುರೆ ಇನ್ನೂ ಅಲ್ಲೇ ನಿಂತೈತೆ” ಎಂದರು. ಟೀಚರು ದೊಣ್ಣೆಯಿಂದ ಮೆಲ್ಲಗೆ ಒಂದು ಸಲ ತಟ್ಟಿದರು.

ಮಳೆಗಾಲದ ಹೊತ್ತಿಗೆ ಏನೋ ಬದಲಾಗಿತ್ತು. ದೋಣಿಯ ಪುಸ್ತಕದಲ್ಲಿ ಒಬ್ಬಳು ಅಂಬಿಗಿತ್ತಿ ಬರುತ್ತಾಳೆ, ಗಂಡನನ್ನು ಇದೇ ಹೊಳೆಗೆ ಕಳಕೊಂಡವಳು, ದಿನವೂ ಅದೇ ನೀರಿನ ಮೇಲೆ ಜನರನ್ನು ದಾಟಿಸುವವಳು. ಅವಳ ಮಾತು ಬಂದಾಗ ಕೊಟ್ರಬಸಪ್ಪನವರ ದನಿ ಇಳಿಯಿತು. ತಗ್ಗಿ, ಇನ್ನೂ ತಗ್ಗಿ, ಅಕ್ಷರಗಳು ಪುಟದ ಮೇಲೆ ನಿಲ್ಲಲು ಎಷ್ಟು ಬೇಕೋ ಅಷ್ಟೇ ಉಳಿಯಿತು. ತಿರುವಿನಲ್ಲಿ ಕೂತವರಿಗೆ ಕೇಳದೆ ಅವರೆಲ್ಲ ತಮ್ಮ ಮಣೆ, ಸ್ಟೂಲು ಎತ್ತಿಕೊಂಡು ಹತ್ತಿರ ಬಂದರು. ಹಾಲಮ್ಮ ಒಳಗಿನಿಂದ ಬಂದು, ಗಂಡನಿಗೆ ಜ್ವರವೇನೋ ಎಂದು ಹಣೆ ಮುಟ್ಟಿ ನೋಡಿದರು.

ಎಲ್ಲವೂ ಹೀಗೆ ಹೋಯಿತು ಎಂದಲ್ಲ. ಬಸ್ಸಿನ ಪುಸ್ತಕ ಬಂದಾಗ ಅವರು ಎರಡು ಅಧ್ಯಾಯದ ಮೇಲೆ ಮುಂದೆ ಓದಲು ಒಪ್ಪಲೇ ಇಲ್ಲ. “ಇಂಥ ಘಾಟಿ ರಸ್ತೆಯಾಗೆ ಈ ಟೈಮಿಗೆ ಬಸ್ಸು ಬರಾಕೆ ಸಾಧ್ಯನೇ ಇಲ್ಲ, ಬರೆದೋನು ಬಸ್ಸು ಹತ್ತಿಲ್ಲ” ಎಂದು ಪುಸ್ತಕದ ಮೇಲೇ ಜಗಳಕ್ಕೆ ನಿಂತರು. ಆ ಬಸ್ಸು ತಡವಾಗಿ ಹೊರಟಿತ್ತೆಂದು ಇಟ್ಟುಕೊಂಡು ಓದಬೇಕೆಂದು ಟೀಚರು ಬರೆದುಕೊಟ್ಟ ಮೇಲೆಯೇ ಕಥೆ ಮುಂದುವರಿದದ್ದು.

ಸಂಕ್ರಾಂತಿ ಬಂತು. ಟೀಚರು ದೊಡ್ಡ ಊರಿಗೆ ಹೋಗಿಬಂದರು. ಹಾಲಮ್ಮ ಏನಂದ್ರು ಡಾಕ್ಟರು ಎಂದು ಕೇಳಿದ್ದಕ್ಕೆ ಕೈಯನ್ನು ಅತ್ತಿತ್ತ ಆಡಿಸಿದರು. ನಾವೆಲ್ಲ ಇನ್ನೂ ಸರಿಹೋಗಿಲ್ಲ ಎಂದುಕೊಂಡೆವು.

ನಿಜವೇನೆಂದರೆ ಗಂಟಲು ಸರಿಹೋಗಿತ್ತು. ನಿಧಾನವಾಗಿ ಮಾತಾಡಬಹುದು, ಹಿಡಿತದಲ್ಲಿ ಓದಬಹುದು ಎಂದು ಡಾಕ್ಟರು ಹೇಳಿದ್ದರು. ಟೀಚರು ಮನೆಗೆ ಬಂದು, ಅಡುಗೆಮನೆಯ ಕಿಟಕಿ ಹಾಕಿಕೊಂಡು, ವಿಮಾನದ ಪುಸ್ತಕ ತೆರೆದು, ಮೆಲ್ಲಗೆ ದನಿ ಬಿಟ್ಟರು. ಡಬ್ಬಿ ಉಜ್ಜಿದಂಥ ಸದ್ದು ಬಂತು. ಆದರೂ ಅಕ್ಷರಗಳು ಎದ್ದವು. ಅರ್ಧ ಪುಟ ಓದಿದರು. ವಿಮಾನ ಓಡಿಸುವವನು ಮಾತಾಡಿದ, ಟೀಚರಂತೆ ಮಾತಾಡಿದ. ಅವನ ಹೆಂಡತಿ ಮಾತಾಡಿದಳು, ಅವಳೂ ಟೀಚರೇ. ಮುಂದೆ ಏನು ಬರುತ್ತದೋ ಎಂದು ಕಾಯುವುದೂ ಇಲ್ಲ, ತಾನೇ ಹೋಗಿ ತರಬೇಕು. ಪುಸ್ತಕ ಮುಚ್ಚಿದರು. ಸಂಜೆ ಸ್ಲೇಟು, ದೊಣ್ಣೆ ಹಿಡಿದು ಬಂದು ಕೂತರು. ಮಾಘ ಹಿಡಿದ ದಿನ ಗುರುಸಿದ್ದಜ್ಜನೂ ಬಂದ, ಆದೇಶದಂತೆ ಬದುಕಿ, ಶುಭ್ರ ಪಂಚೆ ಉಟ್ಟುಕೊಂಡು, ವಿಮಾನಕ್ಕೆ.

ಗುಟ್ಟು ರಟ್ಟು ಮಾಡಿದ್ದು ಮೇಕೆ. ಫಾಲ್ಗುಣದ ಕೊನೆಯ ವಾರ, ಹನ್ನೆರಡನೆಯ ಪುಸ್ತಕ ಅರ್ಧ ಆಗಿತ್ತು. ಟೀಚರು ಹಿತ್ತಲಿನಲ್ಲಿ ಹಪ್ಪಳ ಒಣಹಾಕಿದ್ದರು. ಯಾರದೋ ಮೇಕೆ ಬಂದು ಒಂದರ ಮೇಲೊಂದು ತಿನ್ನುತ್ತಿತ್ತು. ಟೀಚರಿಗೆ ಸ್ಲೇಟು ನೆನಪಾಗಲಿಲ್ಲ, ಮೇಕೆಗೆ ಅದನ್ನು ತೋರಿಸಿಯೂ ಪ್ರಯೋಜನವಿರಲಿಲ್ಲ. “ನಾಚಿಕೆಗೆಟ್ಟ ಪ್ರಾಣಿಯೇ, ನಿನ್ನ ಯಜಮಾನ ನಿನಗೆ ಇದನ್ನೇ ಕಲಿಸಿದ್ದಾನೆಯೇ” ಎಂದು ಶುದ್ಧ ವ್ಯಾಕರಣದಲ್ಲಿ ಅಬ್ಬರಿಸಿದರು. ಗೋಡೆಯಾಚೆ ಬಟ್ಟೆ ಹಿಂಡುತ್ತಿದ್ದ ಕೊಟ್ರಬಸಪ್ಪನವರ ತಲೆ ಮೇಲೆದ್ದಿತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಮೇಕೆ ತಿನ್ನುತ್ತಲೇ ಇತ್ತು.

ಆ ಸಂಜೆ ಜಗಲಿಯಲ್ಲಿ ಕೊಟ್ರಬಸಪ್ಪ ಇರಲಿಲ್ಲ. ಮಾರನೆಯ ಸಂಜೆಯೂ ಇಲ್ಲ. ಜನ ಬಂದು, ಮಣೆ ಹಾಕಿ, ಕಾದು, ಎತ್ತಿಕೊಂಡು ಹೋದರು. ಹಾಲಮ್ಮ ಕಟ್ಟೆಯ ಮೇಲೆ ಕೂತು ಹೇಳಿದರು: “ಬೆಳಗಾದ್ರೆ ಬಸ್ ಸ್ಟಾಂಡಿಗೆ ಹೋಗಿ ಕುಂತ್ಕಂತಾರೆ. ‘ಸಂಕ್ರಾಂತಿಯಿಂದ ನನ್ನ ಗಂಟ್ಲು ದುಡಿಸ್ಕಂಡ್ರು, ಬೀದಿಯೋರ ಮುಂದೆ ನನ್ನ ಮಂಗ ಮಾಡಿದ್ರು’ ಅಂತಾರೆ. ನಾನು ಹೇಳಿದ್ರೆ ಕೇಳಲ್ಲ. ಪಂದ್ಯ ಬೇರೆ ಮುಗೀತಾ ಬಂತು.”

ಯುಗಾದಿಯ ಹಿಂದಿನ ದಿನ ಮಧ್ಯಾಹ್ನ ಟೀಚರು ಸ್ಲೇಟನ್ನು ಮನೆಯಲ್ಲೇ ಬಿಟ್ಟು ಬಸ್ ಸ್ಟಾಂಡಿಗೆ ಹೋದರು. ಕೊಟ್ರಬಸಪ್ಪ ಕಲ್ಲುಬೆಂಚಿನ ಮೇಲೆ ಕೂತು ಮೇಲಿನ ಯಂತ್ರದ ಹೆಣ್ಣುದನಿಯನ್ನು ಕೇಳುತ್ತಿದ್ದರು. ಅದು ಒಂದು ಊರಿನ ಹೆಸರನ್ನು ತಪ್ಪಾಗಿ ಕೂಗಿದಾಗ ತಾವು ಸರಿಯಾಗಿ ಒಮ್ಮೆ ಹೇಳುತ್ತಿದ್ದರು. ಟೀಚರು ಪಕ್ಕದಲ್ಲಿ ಕೂತರು.

“ಕೊಟ್ರಬಸಪ್ಪನವರೇ” ಎಂದರು.

ಅವರು ತಿರುಗಲಿಲ್ಲ. “ಗಂಟ್ಲು ಚೆಂದಾಗೈತಲ್ಲ.”

“ಚೆಂದಾಗಿಲ್ಲ. ಡಬ್ಬಿ ಉಜ್ಜಿದ ಹಾಗಿದೆ.”

“ಓದಾಕೆ ಬರುತ್ತೋ ಇಲ್ಲೋ?”

“ಬರುತ್ತೆ.”

“ಮತ್ತೆ ಇಷ್ಟು ದಿನ ನನ್ನ ಕೈಲಿ ಯಾಕೆ ಓದಿಸಿದ್ರಿ?”

ಟೀಚರು ಒಂದು ವರ್ಷದಿಂದ ಬರೆದೇ ಹೇಳಿದವರು, ಬರೆಯುವಾಗ ಒರೆಸಬಹುದು. “ಚಿಕ್ಕೋಳಿದ್ದಾಗಿಂದ ನಮ್ಮನೇಲಿ ಓದೋಳು ನಾನೊಬ್ಬಳೇ” ಎಂದರು. “ಅಪ್ಪನಿಗೆ ಪೇಪರು ನಾನೇ ಓದಬೇಕು, ಅಮ್ಮನಿಗೆ ಹಾಡಿನ ಪುಸ್ತಕ ನಾನೇ ಓದಬೇಕು. ಆಮೇಲೆ ಶಾಲೇಲಿ ಮಕ್ಕಳಿಗೆ. ರಾಜನಿಗೂ ನನ್ನದೇ ದನಿ, ಕಳ್ಳನಿಗೂ ನನ್ನದೇ ದನಿ. ಇಷ್ಟು ವಯಸ್ಸಾಯ್ತು, ಇನ್ನೊಬ್ಬರು ಓದಿ ನಾನು ಕೂತು ಕೇಳಿದ್ದು ಇದೊಂದೇ ವರ್ಷ. ಗಂಟಲು ಸರಿಯಾಯ್ತು ಅಂತ ಹೇಳಿದ್ರೆ ಅದು ಮುಗಿದು ಹೋಗುತ್ತಲ್ಲ. ಅದಕ್ಕೆ ಹೇಳಲಿಲ್ಲ.”

“ಕೇಳಿದ್ರೆ ನಾನು ಓದ್ತಿರಲಿಲ್ವಾ?”

“ಓದ್ತಿದ್ರಾ?”

ಒಂದು ಬಸ್ಸು ಬಂದು, ಜನ ಇಳಿದು, ಜನ ಹತ್ತಿ, ಬಸ್ಸು ಹೊರಟುಹೋಯಿತು. ಅಷ್ಟು ಹೊತ್ತು ಕೊಟ್ರಬಸಪ್ಪ ಯೋಚಿಸಿದರು. “ಇಲ್ಲ ಅನ್ಸುತ್ತೆ” ಎಂದರು ಕೊನೆಗೆ. “ಆರೋಗ್ಯವಾಗಿರೋರಿಗೆ ಯಾರು ಕುಂತು ಓದ್ತಾರೆ.”

ಆಮೇಲೆ ಅವರೇ, “ಪುಸ್ತಕದಾಗಿನ ಆ ಮನುಷ್ಯ ಊರ ಮುಂದಿನ ತನಕ ಬಂದಿದ್ದ. ಮುಂದೆ ನೀವೇ ಓದ್ಕಂಡ್ರೇನು?” ಎಂದು ಕೇಳಿದರು.

“ಇಲ್ಲ.”

“ಬಾಯಿ ಇತ್ತಲ್ಲ ನಿಮಗೆ.”

“ಇತ್ತು.”

ಕೊಟ್ರಬಸಪ್ಪ ಎದ್ದು ಪಂಚೆ ಕೊಡವಿಕೊಂಡರು. “ನಡೀರಿ. ಇನ್ನೂ ಬೆಳಕೈತೆ.”

ಅವರು ಬೀದಿಗೆ ಬಂದು, ಸುದ್ದಿ ಹರಡಿ, ಮಣೆಗಳು ಸೇರಿ, ಓದು ಶುರುವಾಗುವಾಗ ಮಧ್ಯಾಹ್ನ ಇಳಿದಿತ್ತು. ಕೊಟ್ರಬಸಪ್ಪ ಆತುರದಿಂದ ಓಡಿಸತೊಡಗಿದರು. ಪುಸ್ತಕ ದಪ್ಪನೆಯದು, ಲೈಬ್ರರಿ ಬಾಗಿಲು ಹಾಕುವ ಹೊತ್ತು ಹತ್ತಿರ. ಹಲವು ವರ್ಷಗಳ ಮೇಲೆ ಊರಿಗೆ ಮರಳಿದ ಆ ಮನುಷ್ಯ ತನ್ನ ಬೀದಿಯ ಒಂದೊಂದೇ ಮನೆಯನ್ನು ಗುರುತು ಹಿಡಿಯುವ ಭಾಗ ಅದು. ಟೀಚರು ದೊಣ್ಣೆಯಿಂದ ಬಡಿದರು. ಆಮೇಲೆ, ಬಾಯಿ ಇದೆಯೆಂದು ನೆನಪಾಗಿ, ಬೀದಿಯವರೆಲ್ಲ ಬೆಚ್ಚಿಬೀಳುವಂಥ ಒರಟು ದನಿಯಲ್ಲಿ, “ನಿಧಾನ. ಅವನು ಓಡ್ತಾ ಇಲ್ಲ” ಎಂದರು.

“ಟೀಚರಿಗೆ ಮಾತು ಬಂತು” ಎಂದ ಗುರುಸಿದ್ದಜ್ಜ.

“ಬಂದು ಎಷ್ಟೋ ದಿನ ಆತು. ಸುಮ್ಕೆ ಕೇಳಜ್ಜ” ಎಂದು ಕೊಟ್ರಬಸಪ್ಪ ನಿಧಾನವಾಗಿ ಓದಿದರು. ಆ ಮನುಷ್ಯ ಇನ್ನೂ ನಾಲ್ಕನೆಯ ಮನೆಯ ಮುಂದೆ ನಿಂತಿರುವಾಗಲೇ ಲೈಬ್ರರಿಯ ಬಾಗಿಲು ಹಾಕಿದ ಸದ್ದು ಕೇಳಿತು. ನಮ್ಮಲ್ಲಿ ಕೆಲವರು ಅಯ್ಯೋ ಎಂದರು. ಕತ್ತಲಾಯಿತು, ಉಳಿದದ್ದು ನಾಳೆ ಎಂದು ಎದ್ದೆವು.

ಯುಗಾದಿಯ ಬೆಳಗ್ಗೆ ಬಹುಮಾನ ಸೈಕಲ್ ಶಾಪಿನ ತಿಪ್ಪೇಶನಿಗೆ ಹೋಯಿತು. ಅವನು ಹನ್ನೆರಡು ರೈಲ್ವೆ ವೇಳಾಪಟ್ಟಿಗಳನ್ನು ಓದಿದ್ದ. ಅವೂ ಪುಸ್ತಕಗಳೇ, ಪ್ರಯಾಣದ ಬಗ್ಗೆಯೇ, ರುಕ್ಸಾನಾ ಕೇಳಿದ ಎಲ್ಲ ಪ್ರಶ್ನೆಗೂ ಅವನು ಸರಿಯಾದ ಉತ್ತರ ಹೇಳಿದ್ದ. ನಮ್ಮ ಬೀದಿಯವರು ಕೆಂಡವಾದೆವು. ನಾನಂತೂ ಮೂರು ದಿನ ಸೈಕಲ್ಲಿಗೆ ಗಾಳಿ ಹೊಡೆಸಲಿಲ್ಲ. ಕೊಟ್ರಬಸಪ್ಪ ಮಾತ್ರ ತಿಪ್ಪೇಶನ ಬೆನ್ನು ತಟ್ಟಿ ಯಾವ ಗಾಡಿ ಎಲ್ಲಿ ತಡವಾಗುತ್ತದೆ ಎಂದು ಬಹಳ ಹೊತ್ತು ಚರ್ಚೆ ಮಾಡಿದರು. ಟೀಚರು ಹೊಸ ಪುಸ್ತಕಗಳ ಗಂಟನ್ನು ಒಮ್ಮೆ ನೋಡಿ, ತಿಪ್ಪೇಶನಿಗೆ, “ಓದೋ ಮುಂಚೆ ಕೈ ತೊಳ್ಕೊಪ್ಪ, ಗ್ರೀಸು” ಎಂದಷ್ಟೇ ಹೇಳಿದರು.

ಸಂಜೆ ಹೋಳಿಗೆ ಊಟ ಮುಗಿಸಿ ಬೀದಿಯವರೆಲ್ಲ ಜಗಲಿಯ ಮುಂದೆ ಸೇರಿದರು. ಯಾರ ಲೆಕ್ಕಕ್ಕೂ ಸೇರದ ಪುಸ್ತಕ, ಆದರೂ ಒಬ್ಬರೂ ತಪ್ಪಿಸಲಿಲ್ಲ. ಗೆದ್ದ ಶಾಲು ಹೊದ್ದುಕೊಂಡು ತಿಪ್ಪೇಶನೂ ಬಂದು ಹಿಂದೆ ಕೂತ. ಟೀಚರೇ ಕ್ಲಿಪ್ಪು ತೆಗೆದು ಪುಸ್ತಕ ಕೊಟ್ಟರು. ಆ ಮನುಷ್ಯ ಕೊನೆಗೂ ತನ್ನ ಮನೆಯ ಮುಂದೆ ಬಂದ. ಒಳಗೆ ದೀಪ ಇತ್ತು. ಯಾರು ಹಚ್ಚಿದ್ದಾರೆ ಎಂದು ಅವನಿಗೆ ಗೊತ್ತಿರಲಿಲ್ಲ. ಅವನು ಬಾಗಿಲು ತಟ್ಟಲು ಕೈ ಎತ್ತಿದ. ಅಲ್ಲಿಗೆ ಪುಸ್ತಕ ಮುಗಿಯಿತು.

ಯಾರೂ ಏಳಲಿಲ್ಲ. ಟೇಲರ್ ಮಂಜಣ್ಣನ ಸೊಸೆಯ ಮಡಿಲಲ್ಲಿ ಕೂಸು ಒಮ್ಮೆ ಕೊಸರಾಡಿ ಸುಮ್ಮನಾಯಿತು.

“ಆಮ್ಯಾಕೆ?” ಎಂದರು ಹಾಲಮ್ಮ. “ಬಾಗ್ಲು ತೆಗುದ್ರೋ ಇಲ್ಲೋ?”

ಕೊಟ್ರಬಸಪ್ಪ ಹೆಂಡತಿಯ ಮುಖ ನೋಡಿದರು, ಕೂತಿದ್ದ ನಮ್ಮೆಲ್ಲರ ಮುಖ ನೋಡಿದರು, ಪುಟ ತಿರುವಿದರು. ಆಚೆ ಬದಿ ಇದ್ದದ್ದು ಬಿಳಿಯ ಹಾಳೆ. ಅದರಲ್ಲಿ ಸಾಸಿವೆಯಷ್ಟೂ ಏನೂ ಇರಲಿಲ್ಲ. ಕಟ್ಟೆಯ ಈಚೆ ಕೂತ ಟೀಚರಿಗೆ ಅದು ಚೆನ್ನಾಗಿ ಕಾಣುತ್ತಿತ್ತು. ಕೊಟ್ರಬಸಪ್ಪ ಗಂಟಲು ಸರಿಮಾಡಿಕೊಂಡು ಆ ಹಾಳೆಯ ಮೇಲೆ ಕಣ್ಣಿಟ್ಟು, ತಗ್ಗಿದ ದನಿಯಲ್ಲಿ, “ಒಳಗಿನಿಂದ ಒಂದು ಹೆಣ್ಣುದನಿ, ಯಾರದು, ಎಂದು ಕೇಳಿತು” ಎಂದು ಓದಿದರು. ಓದಿ, ಅಳುಕುತ್ತ ಟೀಚರ ಕಡೆ ನೋಡಿದರು.

ಟೀಚರು ಕಾಲು ಮಡಚಿಕೊಂಡು ಗೋಡೆಗೆ ಒರಗಿದರು.

“ಹೂಂ” ಎಂದರು. “ಮುಂದೆ ಓದಿ.”